ಮಿಷಿನ್ನು ಗಡಿ ದಾಟಿತು, ಮೇಸ್ತ್ರಿ ದಾಟಲಿಲ್ಲ

ಬಡ್ತಿಯ ವಿಷಯವನ್ನು ಮೊದಲೇ ಬದಿಗಿಟ್ಟುಬಿಡುತ್ತೇನೆ. ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದು ನನಗೂ ಪಿಂಚಣಿ ಕೊಡುವವರಿಗೂ ಬಿಟ್ಟರೆ ಇನ್ಯಾರಿಗೂ ಬೇಡದ ಸಂಗತಿ. ಕೈಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ವಿದ್ಯಾನಗರದ ನಮ್ಮ ಮನೆಗೆ ಬರುತ್ತಾರೆ. ರಫ್ತು ವಿಭಾಗಕ್ಕೆ ಹಾಕಿದ್ದಾರೆ, ಅಲ್ಲಿ ಏನು ಕೆಲಸ ಎಂದು ಕೇಳುತ್ತಾರೆ. ತರಬೇತಿಯಲ್ಲಿ ಅವರಿಗೆ ವ್ಯಾಪಾರ ಒಪ್ಪಂದಗಳ ಅಧ್ಯಾಯಗಳನ್ನೆಲ್ಲ ಬಾಯಿಪಾಠ ಮಾಡಿಸಿ ಕಳಿಸಿರುತ್ತಾರೆ. ಸರಕು ಒಂದು, ಸೇವೆ ಇನ್ನೊಂದು, ಹೂಡಿಕೆ ಮತ್ತೊಂದು ಎಂದು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ. ಸರಿ ಮಾರಾಯರೇ, ಸರಕು ಎಲ್ಲಿ ಮುಗಿಯುತ್ತದೆ, ಸೇವೆ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಮಾತ್ರ ಬಿಸ್ಕತ್ತಿನ ತಟ್ಟೆಯ ಕಡೆ ನೋಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನನಗೂ ಅದು ಪುಸ್ತಕದಿಂದ ತಿಳಿದದ್ದಲ್ಲ, ಹರಿಹರದ ಒಂದು ಮಂಡಕ್ಕಿ ಮಿಷಿನ್ನಿನಿಂದ ತಿಳಿದದ್ದು.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆ ಎಂದರೆ ಬರೀ ಬೋರ್ಡು ಬದಲಾಯಿಸುವುದಲ್ಲ. ಕಡತ, ಕುರ್ಚಿ, ಕಪಾಟು ಎಲ್ಲವೂ ಪಾಲಾಗಬೇಕು. ಚಿತ್ರದುರ್ಗದಿಂದ ಲಾರಿಯಲ್ಲಿ ಬಂದ ನಮ್ಮ ಪಾಲಿನ ಸಾಮಾನು ಇಳಿಸಿಕೊಂಡರೆ ಕುರ್ಚಿಗಳಿಗೆ ಕೈ ಇರಲಿಲ್ಲ, ಕಪಾಟುಗಳಿಗೆ ಬೀಗದ ಕೈ ಇರಲಿಲ್ಲ. ಫ್ಯಾಕ್ಸ್ ಯಂತ್ರ ಮಂಜೂರಾಗಿತ್ತು, ಬಂದಿರಲಿಲ್ಲ. ಯಾರಿಗಾದರೂ ಹೊರದೇಶದಿಂದ ಫ್ಯಾಕ್ಸ್ ಬಂದರೆ ಪಿ.ಬಿ. ರಸ್ತೆಯ ಎಸ್‌ಟಿಡಿ ಬೂತಿನವರು ಹೇಳಿ ಕಳಿಸುತ್ತಿದ್ದರು. ಆ ನುಣುಪು ಕಾಗದವನ್ನು ಕಿಟಕಿಯ ಹತ್ತಿರ ನಾಲ್ಕು ದಿನ ಇಟ್ಟರೆ ಅಕ್ಷರವೆಲ್ಲ ಮಾಯ. ಹಾಗಾಗಿ ಬಂದ ತಕ್ಷಣ ಕೂತು ಅದನ್ನು ಕೈಯಿಂದ ನಕಲು ಮಾಡಿಕೊಳ್ಳುವುದು ನನ್ನ ಮೊದಲ ಕೆಲಸ. ಈಗಿನವರು ಬೆರಳು ಆಡಿಸಿದರೆ ಢಾಕಾ ಸಿಗುತ್ತದೆ, ಕೊಲಂಬೊ ಸಿಗುತ್ತದೆ. ನಮಗೆ ಆಗ ಜಗಳೂರು ಸಿಕ್ಕರೇ ಸಂತೋಷ.

ನಮ್ಮ ಸಾಹೇಬರು ನಂಜುಂಡಯ್ಯನವರು, ಮೈಸೂರು ಕಡೆಯವರು. ಮನುಷ್ಯ ಬಂಗಾರ, ಗಡಿಬಿಡಿ ಮಾತ್ರ ಹೇಳತೀರದು. ದೆಹಲಿಯಿಂದ ಬಂದ ಕಾಗದಕ್ಕೆ ಅದೇ ದಿನ ಉತ್ತರ ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕಾಗದದಲ್ಲಿ ಪ್ರಶ್ನೆಯೇ ಇಲ್ಲದಿದ್ದರೂ ಉತ್ತರ ಹೋಗುತ್ತಿತ್ತು. ನಾನು ಬರೆದ ಕರಡನ್ನು ಹಾಗೇ ಕಳಿಸಿದ ನೆನಪೇ ನನಗಿಲ್ಲ. ಒಂದು ಪದವನ್ನಾದರೂ ಹೊಡೆದು ಇನ್ನೊಂದು ಹಾಕಬೇಕು, ಆಗಲೇ ಅವರಿಗೆ ಸಮಾಧಾನ. "ನೋಡ್ರೀ ವಿಶಾಲಾಕ್ಷಿ, ಸರ್ಕಾರಿ ಕಾಗದ ಅಂದ್ರೆ ಓದಿದ ಕೂಡ್ಲೇ ಅರ್ಥ ಆಗ್ಬಾರ್ದು. ಸ್ವಲ್ಪ ಗೌರವ ಇರ್ಬೇಕು" ಎನ್ನುತ್ತಿದ್ದರು. ನಾನು ಒಳಗೊಳಗೇ ನಗುತ್ತಾ ಟೈಪು ಮಾಡುತ್ತಿದ್ದೆ.

ಇನ್ನು ಬಸಲಿಂಗಪ್ಪನವರ ವಿಷಯಕ್ಕೆ ಬರುತ್ತೇನೆ. ಭಾನುವಳ್ಳಿಯ ಒಕ್ಕಲು ಮನೆತನದವರು. ನಾಲೆಯ ನೀರು ಹರಿಯುವ ಒಳ್ಳೆಯ ಗದ್ದೆಯನ್ನು ಅಣ್ಣನಿಗೆ ಬಿಟ್ಟು, ಹರಿಹರಕ್ಕೆ ಬಂದು ಲೇತು ಹಾಕಿಕೊಂಡಿದ್ದರು. ಲೇತಿನ ಮುಂದೆ ಕೂತರೆ ಅವರಿಗೆ ಊರು ಕೇರಿ ನೆನಪಿರುತ್ತಿರಲಿಲ್ಲ. ಹೆಂಡತಿ ಗೌರಮ್ಮ ಬುತ್ತಿ ತಂದು, ಸ್ವಿಚ್ಚು ಆರಿಸಿದ ಮೇಲೆಯೇ ಊಟ. ಅವರು ಮಾಡುತ್ತಿದ್ದದ್ದು ಮಂಡಕ್ಕಿ ಮಿಷಿನ್ನು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡಿದವರಿಗೆ ಗೊತ್ತು, ಕಾದ ಮರಳಿನಲ್ಲಿ ಅಕ್ಕಿ ಹಾಕಿ ಹುರಿದು ಅರಳಿಸುವ ಆ ಕೆಲಸ ಎಷ್ಟು ಬೆವರು ಹರಿಸುತ್ತದೆ ಎಂದು. ಬಸಲಿಂಗಪ್ಪನವರು ಅದನ್ನೇ ತಿರುಗುವ ಕಬ್ಬಿಣದ ಪೀಪಾಯಿಯಲ್ಲಿ ಆಗುವಂತೆ ಮಾಡಿದ್ದರು. ಒಂದು ಕಡೆ ಅಕ್ಕಿ ಸುರಿದರೆ, ಒಳಗಿನ ಕಾದ ಮರಳಿನಲ್ಲಿ ಉರುಳುತ್ತಾ ಹೋಗಿ, ಇನ್ನೊಂದು ಕಡೆ ಬೆಳ್ಳಗೆ ಅರಳಿ ಬೀಳಬೇಕು.

ಇದರಲ್ಲಿ ಗುಟ್ಟೆಲ್ಲ ಪೀಪಾಯಿ ಎಷ್ಟು ವಾಲಿರಬೇಕು ಎಂಬುದರಲ್ಲಿದೆ. ಹೆಚ್ಚು ವಾಲಿದರೆ ಅಕ್ಕಿ ಬೇಗ ಜಾರಿ ಹಸಿಯಾಗಿ ಬೀಳುತ್ತದೆ, ಕಡಿಮೆ ವಾಲಿದರೆ ಒಳಗೇ ಕೂತು ಸೀಯುತ್ತದೆ. ಆ ವಾಲನ್ನು ಹಿಡಿದು ನಿಲ್ಲಿಸುವುದು ಅಂಗೈಯಗಲದ ಒಂದು ಹಿತ್ತಾಳೆ ಕೀಲು. ಊರೂರಿನ ಅಕ್ಕಿ ಬೇರೆ, ಮರಳು ಬೇರೆ. ಹಾಗಾಗಿ ಹರಿಹರದ ಮಂಡಕ್ಕಿ ಮಿಷಿನ್ನಿನವರಲ್ಲಿ ಒಂದು ಪದ್ಧತಿಯಿತ್ತು. ಮಿಷಿನ್ನನ್ನು ಕೀಲಿಲ್ಲದೆ ಕಳಿಸುವುದು. ಆಮೇಲೆ ಮೇಸ್ತ್ರಿಯೇ ಕೀಲನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಹೋಗಿ, ಅಲ್ಲಿಯ ಅಕ್ಕಿ ಹಾಕಿ ನೋಡಿ, ಕೀಲನ್ನು ಅರದಿಂದ ಉಜ್ಜಿ ಹದ ಮಾಡಿ ಕೂರಿಸಿ, ತಾನೇ ಒಲೆಗೆ ಉರಿ ಹಚ್ಚುವುದು. ಇದಕ್ಕೆ 'ಮೊದಲ ಬಿಸಿ' ಎನ್ನುತ್ತಿದ್ದರು. ರಾಣೆಬೆನ್ನೂರಿರಲಿ, ರಾಯಚೂರಿರಲಿ, ಮೊದಲ ಬಿಸಿ ಆಗುವವರೆಗೆ ಮಿಷಿನ್ನು ಗಿರಾಕಿಯದಲ್ಲ, ಮೇಸ್ತ್ರಿಯ ಮಾನದ್ದು. ಇದಕ್ಕೆ ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಟವೆಲ್ಲು, ಒಂದು ತೆಂಗಿನಕಾಯಿ, ಒಂದು ಊಟ, ಅಷ್ಟೇ.

ಬೆಂಗಳೂರಿನ ಒಂದು ಯಂತ್ರಗಳ ಪ್ರದರ್ಶನದಲ್ಲಿ ಬಸಲಿಂಗಪ್ಪನವರ ಮಿಷಿನ್ನನ್ನು ಬಾಂಗ್ಲಾದೇಶದ ರಫೀಕ್ ಎಂಬವರು ನೋಡಿದರು. ಬೋಗ್ರಾ ಎಂಬ ಊರಿನಲ್ಲಿ ಅವರದು ಮಂಡಕ್ಕಿಯ ವ್ಯಾಪಾರ. ಅಲ್ಲಿ ಅದನ್ನು ಮುರಿ ಎನ್ನುತ್ತಾರೆ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವಾಗ ಬಡವ ಬಲ್ಲಿದ ಎನ್ನದೆ ಎಲ್ಲರ ತಟ್ಟೆಯಲ್ಲೂ ಮುರಿ ಇರಲೇಬೇಕಂತೆ. ಬಸಲಿಂಗಪ್ಪನವರ ಹಿಂದಿ ಹರಿಹರದ ಸಂತೆಯದು, ರಫೀಕರದು ಬಂಗಾಳದ್ದು. ಆದರೂ ನಡುವೆ ಮಂಡಕ್ಕಿ ಇದ್ದುದರಿಂದ ಮಾತು ಕೆಡಲಿಲ್ಲ. ರಂಜಾನಿಗೆ ಮೊದಲು ಮಿಷಿನ್ನು ಓಡಬೇಕು ಎಂದರು ರಫೀಕರು. ಓಡಿಸುತ್ತೇನೆ ಎಂದು ಬಸಲಿಂಗಪ್ಪನವರು ಮಾತು ಕೊಟ್ಟರು. ಹರಿಹರದ ಮಿಷಿನ್ನು ಹೊರದೇಶಕ್ಕೆ ಹೋಗುವುದು ಅವರಿಗೂ ಹೊಸತು, ನನಗೂ ಹೊಸತು.

ನನ್ನ ಕೆಲಸ ಇಲ್ಲಿಂದ ಶುರು. ನಮ್ಮ ಸುತ್ತಿನ ಏಳು ದೇಶಗಳ ನಡುವೆ ಆಗ ಒಂದು ಆದ್ಯತೆಯ ವ್ಯಾಪಾರ ಒಪ್ಪಂದ ನಡೆಯುತ್ತಿತ್ತು. ನಮ್ಮಲ್ಲೇ ತಯಾರಾದದ್ದು ಎಂದು ತೋರಿಸಿದರೆ ಕೆಲವು ಸರಕಿಗೆ ಅಲ್ಲಿಯ ಸುಂಕದಲ್ಲಿ ರಿಯಾಯಿತಿ. ಈ ಮಿಷಿನ್ನಿಗೂ ಆ ಭಾಗ್ಯವಿತ್ತು. ಎಲ್ಲಿ ತಯಾರಾಯಿತು, ಕಬ್ಬಿಣ ಎಲ್ಲಿಯದು, ಮೋಟಾರು ಎಲ್ಲಿಯದು ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ನಾನು ಹರಿಹರದ ಬಸಲಿಂಗಪ್ಪನವರ ಶೆಡ್ಡಿಗೆ ಹೋದೆ. ಪೀಪಾಯಿಯ ಬುಡದಲ್ಲಿ ಒಂದು ಖಾಲಿ ತೂತು ಕಂಡಿತು.

"ಇಲ್ಲೇನೋ ಬಿಟ್ಟು ಹೋಗಿದೆಯಲ್ಲ?" ಎಂದೆ.

"ಬಿಟ್ಟಿಲ್ರಿ ಮೇಡಮ್ನೋರೇ, ಅದು ನನ್ ಚೀಲ್ದಾಗೈತೆ. ನಾನು ಹೋದಾಗ ಅದೂ ಬರ್ತೈತೆ" ಎಂದು ಚೀಲ ತಟ್ಟಿ ನಕ್ಕರು. ಊರಿನ ಪದ್ಧತಿ ಗೊತ್ತಿದ್ದ ನಾನೂ ನಕ್ಕೆ. ರಾಯಚೂರಿಗೆ ಹೋಗುವ ಹಾಗೆ ಬೋಗ್ರಾಕ್ಕೂ ಹೋಗಿಬರುತ್ತಾರೆ ಎಂದೇ ಆ ಶೆಡ್ಡಿನಲ್ಲಿದ್ದ ಪ್ರತಿಯೊಬ್ಬರೂ ತಿಳಿದಿದ್ದರು.

ಮಿಷಿನ್ನು ರಾಜಮರ್ಯಾದೆಯಿಂದ ಹೋಯಿತು. ಕಲ್ಕತ್ತಾ ಮೇಲೆ ಗಡಿ ದಾಟಿತು, ರಿಯಾಯಿತಿ ಸಿಕ್ಕಿತು, ಬೋಗ್ರಾ ತಲುಪಿತು. ಸಿಮೆಂಟಿನ ಕಟ್ಟೆ ಕಟ್ಟಿಸಿ ಮಿಷಿನ್ನು ಕೂರಿಸಿದ್ದೇನೆ, ಮೇಸ್ತ್ರಿ ಯಾವಾಗ ಬರುತ್ತಾರೆ ಎಂದು ರಫೀಕರ ಫ್ಯಾಕ್ಸ್ ಬಂತು. ಇತ್ತ ಬಸಲಿಂಗಪ್ಪನವರ ವೀಸಾ ಅರ್ಜಿಗೆ ಬಂದ ಉತ್ತರ ಬೇರೆಯೇ ಇತ್ತು. ಕೆಲಸ ಮಾಡಲು ಹೋಗುವವರಿಗೆ ಬೇರೆ ಪರವಾನಗಿ ಬೇಕು, ಅದು ಅಲ್ಲಿಯ ಸರ್ಕಾರದಿಂದ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಒಪ್ಪಂದದಲ್ಲಿ ಇರುವುದು ಸರಕು ಮಾತ್ರ, ಮನುಷ್ಯರ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಬಸಲಿಂಗಪ್ಪನವರು ನಮ್ಮ ಕಚೇರಿಗೆ ಬಂದು ಕೈಯಿಲ್ಲದ ಕುರ್ಚಿಯಲ್ಲಿ ಕೂತರು. "ಹೆಂಗ್ರಿ ಇದು? ನಾನು ಮಾಡಿದ್ದು ಹೋಗಬೌದು, ನಾನು ಹೋಗಬಾರ್ದು ಅಂದ್ರೆ? ಮಿಷಿನ್ನಿಗಿರೋ ಕಿಮ್ಮತ್ತು ನನಗಿಲ್ಲೇನ್ರಿ?"

ನಂಜುಂಡಯ್ಯನವರು ಪರಿಹಾರ ಹೇಳಲು ಎಂದೂ ತಡಮಾಡಿದವರಲ್ಲ. "ಅದಕ್ಯಾಕ್ರೀ ಇಷ್ಟು ಯೋಚ್ನೆ? ಆ ಕೀಲನ್ನ ಒಂದು ಡಬ್ಬಿಗೆ ಹಾಕಿ ಪಾರ್ಸೆಲ್ ಮಾಡ್ಬಿಡಿ."

"ಕಳಿಸಿ? ಅಲ್ಲಿ ಅಕ್ಕಿ ಯಾವ ಥರದ್ದೋ ನನಗೊತ್ತಿಲ್ಲ. ಹದ ಮಾಡ್ದೆ ಹಾಕಿದ್ರೆ ಮೊದಲ್ನೇ ದಿನಾನೇ ಸೀದು ಕರ್ರಗಾಗ್ತೈತೆ. ಊರೆಲ್ಲ ಹರಿಹರದ ಮಿಷಿನ್ನು ದಂಡ ಅಂತೈತೆ. ಬ್ಯಾಡ ಸಾಹೇಬ್ರೆ, ಅದರ ಬದಲು ಮಿಷಿನ್ನು ವಾಪಸ್ ತರಿಸ್ತೀನಿ."

ಟ್ರಾವೆಲ್ಸಿನವರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ಊರು ನೋಡಲು ಹೋಗುತ್ತೇನೆ ಎಂದು ಬರೆದುಕೊಡಿ, ಹೋಗಿ ಕೆಲಸ ಮುಗಿಸಿ ಬನ್ನಿ ಎಂದು. ಬಸಲಿಂಗಪ್ಪನವರು ಅದನ್ನೂ ಒಪ್ಪಲಿಲ್ಲ. "ಮೊದಲ ಬಿಸಿ ಅಂದ್ರೆ ದೇವರ ಮುಂದೆ ದೀಪ ಹಚ್ಚಿದಂಗ್ರಿ. ಕಳ್ಳನಂಗೆ ಹೋಗಿ ಹಚ್ಚಲೇನು?" ಎಂದರು. ಅವರು ಹೋದ ಮೇಲೆ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ರಂಜಾನ್ ಹತ್ತಿರ ಬರುತ್ತಿತ್ತು. ಅಲ್ಲೊಬ್ಬರು ಊರ ಅಂಗಡಿಗಳಿಗೆಲ್ಲ ಮುರಿ ಕೊಡುತ್ತೇನೆಂದು ಒಪ್ಪಿಕೊಂಡು ಕೂತಿದ್ದಾರೆ, ಇಲ್ಲೊಬ್ಬರು ಕೊಟ್ಟ ಮಾತನ್ನು ಚೀಲದಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಾರೆ. ನಾನು ಕೊಟ್ಟ ಪ್ರಮಾಣಪತ್ರ ಇಬ್ಬರಿಗೂ ಉಪಯೋಗವಿಲ್ಲ.

ಇದೇ ಹೊತ್ತಿಗೆ ದೆಹಲಿಯಿಂದ ಒಂದು ಸಭೆಯ ಆದೇಶ ಬಂತು. ನೆರೆಯ ದೇಶಗಳೊಂದಿಗೆ ಮುಂದೆ ಎಂದಾದರೂ ಸೇವೆ ಮತ್ತು ಹೂಡಿಕೆಯ ಬಗ್ಗೆ ಮಾತುಕತೆಯಾದರೆ ವರ್ತಕರು ಏನು ಬಯಸುತ್ತಾರೆ ಎಂದು ಜಿಲ್ಲೆಗಳಲ್ಲಿ ಕೇಳಬೇಕು. ಆಹ್ವಾನದ ಜೊತೆ ವಿಷಯದ ಸಾರಾಂಶ ಕನ್ನಡದಲ್ಲಿ ಇರಬೇಕು. ಅದರಲ್ಲಿ 'ನ್ಯಾಷನಲ್ ಟ್ರೀಟ್‌ಮೆಂಟ್' ಎಂಬ ಮಾತೊಂದಿತ್ತು. ಹೊರಗಿನವರು ಬಂದು ಇಲ್ಲಿ ವ್ಯಾಪಾರ ಹೂಡಿದರೆ ಕಾನೂನು ಅವರನ್ನೂ ನಮ್ಮವರಂತೆಯೇ ಕಾಣಬೇಕು ಎಂದು ಅದರ ಅರ್ಥ. ನಾನು ಹಾಗೇ ಬರೆದಿದ್ದೆ. ನಂಜುಂಡಯ್ಯನವರು ಅದನ್ನು ಹೊಡೆದು 'ರಾಷ್ಟ್ರೀಯ ಚಿಕಿತ್ಸೆ' ಎಂದು ಹಾಕಿದರು. ಸಭೆಯ ದಿನ ಹತ್ತಿ ವರ್ತಕರು, ಎಣ್ಣೆ ಗಿರಣಿಯವರು, ಅಕ್ಕಿ ಗಿರಣಿಯವರ ಜೊತೆ ಇಬ್ಬರು ಡಾಕ್ಟರುಗಳೂ ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಪಾಪ, ಮಧ್ಯಾಹ್ನದವರೆಗೂ ತಮ್ಮ ವಿಷಯ ಬರುತ್ತದೆಂದು ಕಾದರು.

ದೆಹಲಿಯಿಂದ ಬಂದ ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಪರದೆಯ ಮೇಲೆ ಅಕ್ಷರ ಬೀಳಿಸುವ ಯಂತ್ರ ತಂದಿದ್ದರು, ಅದನ್ನು ಹಚ್ಚಿದ ಕೂಡಲೇ ಕರೆಂಟು ಹೋಯಿತು. ಹೋದದ್ದು ಒಳ್ಳೆಯದೇ ಆಯಿತು, ಜನ ಬಾಯಿಬಿಟ್ಟು ಮಾತಾಡಿದರು. ಆ ದಿನ ನಾನು ಕಲಿತ ಒಂದು ಪಾಠ ಇಂದಿಗೂ ಸುಳ್ಳಾಗಿಲ್ಲ. ಪ್ರತಿಯೊಬ್ಬರಿಗೂ ಆಚೆಯವರ ಬಾಗಿಲು ತೆರೆದಿರಬೇಕು, ತಮ್ಮದು ಮುಚ್ಚಿರಬೇಕು. ಎಣ್ಣೆ ಗಿರಣಿಯವರೊಬ್ಬರು, "ನಾವು ಅಲ್ಲಿ ಹೋಗಿ ಗಿರಣಿ ಹಾಕಾಕೆ ಬಿಡ್ಬೇಕ್ರಿ. ಆದ್ರೆ ಅವರು ಇಲ್ಲಿ ಬರೋದು ಬ್ಯಾಡ" ಎಂದು ಎದೆಯುಬ್ಬಿಸಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ದೆಹಲಿಯವರು, ಆಚೆ ದೇಶದ ವರ್ತಕರೂ ಇದನ್ನೇ ಹೇಳುತ್ತಾರೆ ಎಂದು ನಕ್ಕರು.

ಶಾಮನೂರಿನಿಂದ ಬಂದ ಒಬ್ಬ ಗೌಡರಿಗೆ ಮಾತ್ರ ಬಾಗಿಲು ಮುಚ್ಚುವುದು ಬೇಡವಾಗಿತ್ತು. ಹೂಡಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೊರದೇಶದವರಿಗೆ ಫ್ಯಾಕ್ಟರಿ ಹಾಕಲು ಜಾಗ ಬೇಕಾಗುತ್ತದೆಯೇ ಎಂದು ಕೇಳಿದರು. ಬೇಕಾಗಬಹುದು ಎಂದೆ. ಮರುವಾರ ಹೊಲದ ಸುತ್ತ ಕಲ್ಲು ನೆಟ್ಟು ಸುಣ್ಣ ಹೊಡೆಸಿ, ಇಂಗ್ಲಿಷಿನಲ್ಲಿ ಬೋರ್ಡು ಬರೆಸಿ ನಿಲ್ಲಿಸಿದರು. ಆಮೇಲೆ ಎಲ್ಲಿ ಸಿಕ್ಕರೂ ಅದೇ ಮಾತು, "ಯಾವಾಗ ಬರ್ತಾರ್ರಿ ಮೇಡಮ್ ಅವ್ರು? ಬೋರ್ಡು ಬಣ್ಣ ಹೋಗಾಕತ್ತೈತೆ." ಹೂಡಿಕೆ ಬರಲಿಲ್ಲ, ಆ ಹೊಲದಲ್ಲಿ ಮುಂದೆ ಲೇಔಟು ಬಂತು, ಗೌಡರು ನನ್ನನ್ನು ಕ್ಷಮಿಸಿದರು.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಬಸಲಿಂಗಪ್ಪನವರು ಎದ್ದು ನಿಂತರು. ಹೆಗಲ ಮೇಲೆ ಚೀಲ ಇದ್ದೇ ಇತ್ತು. ತಮ್ಮ ಪಜೀತಿಯನ್ನೆಲ್ಲ ಹೇಳಿ, ಕೀಲನ್ನು ತೆಗೆದು ಎತ್ತಿ ತೋರಿಸಿದರು. ದೆಹಲಿಯ ಅಧಿಕಾರಿ ಗಮನವಿಟ್ಟು ಕೇಳಿದರು. ಮಿಷಿನ್ನನ್ನು ಕೂರಿಸಿಕೊಡುವುದು ಸೇವೆ ಎಂದರು. ಸೇವೆ ಗಡಿ ದಾಟುವುದಕ್ಕೆ ನಾಲ್ಕು ದಾರಿಗಳಿವೆಯಂತೆ. ಕಾಗದಪತ್ರದಲ್ಲಿ ಹೋಗುವುದು ಒಂದು, ಗಿರಾಕಿಯೇ ಇಲ್ಲಿಗೆ ಬಂದು ಪಡೆಯುವುದು ಎರಡು, ನಾವು ಅಲ್ಲಿ ಹೋಗಿ ಬಂಡವಾಳ ಹಾಕಿ ಅಂಗಡಿ ತೆರೆಯುವುದು ಮೂರು, ಮನುಷ್ಯನೇ ಹೋಗಿ ಕೆಲಸ ಮಾಡಿ ಬರುವುದು ನಾಲ್ಕು. ಈ ನಾಲ್ಕನೆಯದಕ್ಕೆ ಎಲ್ಲ ದೇಶಗಳೂ ಹೆದರುತ್ತವೆ, ಅದರ ಮಾತುಕತೆ ಶುರುವಾಗಬೇಕಷ್ಟೆ, ವರ್ಷಗಳು ಹಿಡಿಯಬಹುದು ಎಂದರು.

"ವರ್ಷ ಅಂದ್ರೆ ಹೆಂಗ್ರಿ ಸಾಹೇಬ್ರೆ?" ಎಂದರು ಬಸಲಿಂಗಪ್ಪ. "ನಿಮ್ ಮಾತುಕತಿ ಮುಂದಕ್ಕ ಹಾಕಬೌದು. ರಂಜಾನ್ ಮುಂದಕ್ಕ ಹಾಕಾಕೆ ಬರಲ್ರಿ."

ನಾನು ಅದನ್ನು ಇಂಗ್ಲಿಷಿಗೆ ತರುತ್ತಿದ್ದಂತೆ ನನ್ನ ತಲೆಯಲ್ಲಿ ಎರಡನೆಯ ದಾರಿ ಎದ್ದು ಕೂತಿತು. ಇಲ್ಲಿಂದ ಕೆಲಸ ಮಾಡಲು ಹೋಗುವವರಿಗೆ ತಾನೇ ಅಡ್ಡಿ? ಅಲ್ಲಿಂದ ನೋಡಲು ಬರುವವರಿಗೆ ವೀಸಾ ಸಿಗುತ್ತದೆ. ರಫೀಕರೇ ಬರಲಿ. ಬರುವಾಗ ತಮ್ಮ ಊರಿನ ಅಕ್ಕಿಯನ್ನೂ ತರಲಿ. ಬಸಲಿಂಗಪ್ಪನವರ ಶೆಡ್ಡಿನಲ್ಲಿ ಅದೇ ಅಳತೆಯ ಇನ್ನೊಂದು ಮಿಷಿನ್ನು ಇದ್ದೇ ಇದೆ. ಅದರಲ್ಲೇ ಆ ಅಕ್ಕಿ ಹಾಕಿ ಕೀಲು ಹದ ಮಾಡಬಹುದಲ್ಲ?

ಸಭೆಯಿಂದ ಹೊರಗೆ ಬಂದು ಹೇಳಿದೆ. ಬಸಲಿಂಗಪ್ಪನವರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. "ಮರಳೂ ತರಾಕೆ ಹೇಳ್ರಿ" ಎಂದರು. ಅಷ್ಟೇ ಮಾತು, ಚೀಲ ಹೆಗಲಿಗೇರಿಸಿ ಹರಿಹರದ ಬಸ್ಸು ಹತ್ತಿದರು. ಅಂದೇ ಫ್ಯಾಕ್ಸ್ ಹೋಯಿತು.

ರಫೀಕರು ಬಂದೇಬಿಟ್ಟರು. ಅಕ್ಕಿಯ ಚೀಲಕ್ಕೆ ಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. ಮರಳಿನ ಚೀಲಕ್ಕೆ ಮಾತ್ರ ಅರ್ಧ ದಿನ ಕೂರಿಸಿದರಂತೆ. ಹಿಂದೂಸ್ತಾನದಲ್ಲಿ ಮರಳಿಲ್ಲವೇ ಎಂದು ಕೇಳಿದರೆ ಏನು ಉತ್ತರ ಕೊಡಲಿ, ನಮ್ಮ ಹೊಳೆಯ ಮರಳಿಗೆ ಒಂದು ಮಿಷಿನ್ನು ಕಾಯುತ್ತಿದೆ ಎಂದೆ, ಹುಚ್ಚನೆಂದು ಬಿಟ್ಟುಬಿಟ್ಟರು ಎಂದು ನಗುತ್ತಾ ಹೇಳಿದರು. ನಂಜುಂಡಯ್ಯನವರು ಅವರಿಗೆ ಶಾಲು ಹೊದಿಸಬೇಕೆಂದು ಓಡಾಡಿದರು. ನಾನು ರಫೀಕರನ್ನು ಮಂಡಕ್ಕಿ ಮಿರ್ಚಿ ತಿನ್ನಲು ಕರೆದುಕೊಂಡು ಹೋದೆ. ಮಿರ್ಚಿಗೆ ಕಣ್ಣಲ್ಲಿ ನೀರು ಹಾಕಿಕೊಂಡರೂ ಮಂಡಕ್ಕಿಯನ್ನು ಮಾತ್ರ ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡಿ ತಿಂದರು.

ಆಮೇಲಿನ ದಿನಗಳಲ್ಲಿ ಹರಿಹರದ ಆ ಶೆಡ್ಡು ನೋಡಬೇಕಿತ್ತು. ಪೀಪಾಯಿಯೊಳಗಿನ ತುಂಗಭದ್ರೆಯ ಮರಳನ್ನು ತೆಗೆದು ಬೋಗ್ರಾದ ಮರಳು ಸುರಿದರು. ಮೊದಲ ಅಕ್ಕಿ ಸೀದಿತು. ಕೀಲನ್ನು ಉಜ್ಜಿದರು. ಎರಡನೆಯದು ಅರ್ಧ ಅರಳಿ ಅರ್ಧ ಸೀದು ಬಂತು. ಮತ್ತೆ ಉಜ್ಜಿದರು. ರಫೀಕರು ತೋಳು ಮಡಚಿ ಪಕ್ಕದಲ್ಲೇ ಕೂತು, ಕೀಲನ್ನು ಕೂರಿಸುವುದು, ತೆಗೆಯುವುದು, ಉರಿ ಏರಿಸುವುದು, ಇಳಿಸುವುದು ಎಲ್ಲವನ್ನೂ ಕಲಿತರು. ತಂದ ಅಕ್ಕಿ ಮುಗಿಯುತ್ತಾ ಬಂದಿದ್ದಾಗ ಒಮ್ಮೆ ಪೀಪಾಯಿಯ ಬಾಯಿಂದ ಬೆಳ್ಳಗೆ ಸುರಿಯತೊಡಗಿತು. ರಫೀಕರು ಬೊಗಸೆ ಒಡ್ಡಿ, ಬಾಯಿಗೆ ಹಾಕಿಕೊಂಡು, "ಇದು ನಮ್ಮ ಮುರಿ!" ಎಂದು ಕೂಗಿದರು. ಅದು ಬಂಗಾಳಿಯಲ್ಲಿದ್ದರೂ ನಮಗೆಲ್ಲ ಅರ್ಥವಾಯಿತು.

ಕಷ್ಟ ಬಂದದ್ದು ಆಗ. ಬಸಲಿಂಗಪ್ಪನವರು ಕೀಲನ್ನು ಬಿಚ್ಚಿದರು, ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿದರು, ಒರೆಸಿ ತಮ್ಮ ಚೀಲಕ್ಕೇ ಹಾಕಿಕೊಂಡರು. ರಫೀಕರು ಚಾಚಿದ ಕೈ ಹಾಗೇ ನಿಂತಿತು. ಅವರು ಅಂದೇ ಹೊರಡದಿದ್ದರೆ ರಂಜಾನಿಗೆ ಮೊದಲು ಊರು ಸೇರುವುದು ಸಾಧ್ಯವಿರಲಿಲ್ಲ.

"ಕೊಡ್ರಿ ಬಸಲಿಂಗಪ್ಪನೋರೆ" ಎಂದೆ ಮೆಲ್ಲಗೆ.

"ಕೊಡ್ತೀನಿ ಮೇಡಮ್. ಕೊಡಬಾರ್ದು ಅಂತಲ್ಲ" ಎಂದರು. ಚೀಲದ ಬಾಯಿ ಹಿಡಿದ ಕೈ ಸಡಿಲವಾಗಲಿಲ್ಲ. "ಈತನಕ ಯಾರ್ ಕೈಗೂ ಕೊಟ್ಟಿಲ್ರಿ. ನಾನಿಲ್ದೆ ನನ್ ಮಿಷಿನ್ನು ಬಿಸಿ ಆಗಿದ್ದೇ ಇಲ್ಲ. ಆಮ್ಯಾಲ ನಾನ್ಯಾಕ, ಅಂತ ಅನ್ನಿಸ್ತೈತ್ರಿ."

ಬುತ್ತಿ ತಂದು ಮೂಲೆಯಲ್ಲಿ ನಿಂತಿದ್ದ ಗೌರಮ್ಮ ಇಷ್ಟು ದಿನ ಈ ವ್ಯವಹಾರದಲ್ಲಿ ಒಂದು ಮಾತೂ ಆಡಿರಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, "ಮಗಳ್ನ ಕೊಟ್ ಮ್ಯಾಲ ಅವರ ಮನಿ ಒಲಿ ಹಚ್ಚಾಕೂ ನೀವೇ ಹೋಗ್ತೀರೇನು?" ಎಂದರು. "ಅಷ್ಟು ದೂರದಿಂದ ಮರಳು ಹೊತ್ಕಂಡ್ ಬಂದಾನ ಪಾಪ. ಇನ್ನೇನ್ ಹೊತ್ಕಂಡ್ ಬರ್ಬೇಕು ನಿಮಗೆ?"

ಶೆಡ್ಡಿನಲ್ಲಿ ಎಲ್ಲರೂ ನಕ್ಕರು, ಬಸಲಿಂಗಪ್ಪನವರೂ ನಕ್ಕರು. ನಗುತ್ತಲೇ ಕೀಲನ್ನು ತೆಗೆದು ರಫೀಕರ ಕೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಿಂದ ಮುಚ್ಚಿದರು. ಅವರ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ, ಹೊಗೆಯ ನೆಪ ಮಾಡಿಕೊಂಡು ಹೊರಗೆ ಹೋದೆ. ರೈಲಿನ ಹೊತ್ತಿಗೆ ಗೌರಮ್ಮ ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟು ರಫೀಕರನ್ನು ಕಳಿಸಿದರು.

ರಂಜಾನಿಗೆ ಇನ್ನೇನು ಒಂದೆರಡು ದಿನ ಎನ್ನುವಾಗ, ಇಂದು ಮಧ್ಯಾಹ್ನ ಉರಿ ಹಚ್ಚುತ್ತೇನೆ, ಹರಿಹರದ ಬೂತಿಗೆ ಫೋನ್ ಮಾಡುತ್ತೇನೆ ಎಂದು ರಫೀಕರಿಂದ ಸುದ್ದಿ ಬಂತು. ನಾನು ಅರ್ಧ ದಿನದ ರಜೆ ಹಾಕಿ ಹರಿಹರಕ್ಕೆ ಹೋದೆ. ಗಾಜಿನ ಬೂತಿನೊಳಗೆ ಬಸಲಿಂಗಪ್ಪ, ಬಾಗಿಲಲ್ಲಿ ಗೌರಮ್ಮ, ಅವರ ಹಿಂದೆ ನಾನು. ಫೋನು ಬಂತು. ಬಸಲಿಂಗಪ್ಪನವರು ರಿಸೀವರನ್ನು ಕಿವಿಗೊತ್ತಿ ಕಣ್ಣು ಮುಚ್ಚಿಕೊಂಡರು. ಆಚೆ ರಫೀಕರು ಫೋನನ್ನು ಪೀಪಾಯಿಯ ಹತ್ತಿರ ಹಿಡಿದಿದ್ದರು.

"ಏನ್ ಕೇಳ್ತೈತ್ರಿ?" ಎಂದರು ಗೌರಮ್ಮ.

ಬಸಲಿಂಗಪ್ಪನವರು ಕೈಯೆತ್ತಿ ಸುಮ್ಮನಿರಿಸಿದರು. ಆಮೇಲೆ, "ರಫೀಕ್ ಭಾಯಿ, ಆಗ್ ಥೋಡಾ ಕಮ್ ಕರೋ" ಎಂದು, ಉರಿ ಇಳಿಸಲು ಬೂತು ಅದುರುವಂತೆ ಕೂಗಿ ಹೇಳಿದರು. ಮತ್ತೆ ಕಿವಿಗೊಟ್ಟರು. ಅವರ ಹುಬ್ಬು ಮೊದಲು ಸಡಿಲಾಯಿತು, ಆಮೇಲೆ ಇಡೀ ಮುಖ. ರಿಸೀವರನ್ನು ಗೌರಮ್ಮನ ಕಿವಿಗೆ ಹಿಡಿದರು, ಅವರಿಂದ ನನ್ನ ಕಿವಿಗೆ ಬಂತು. ಗುರುಗುರು ಎನ್ನುವ ಲೈನಿನ ಸದ್ದಿನ ನಡುವೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ, ಬಿಡುವಿಲ್ಲದೆ ಚಟಪಟ ಚಟಪಟ. ನನ್ನ ಸರ್ವಿಸಿನಲ್ಲಿ ಅಂಥ ಸಂತೋಷವನ್ನು ಯಾವ ಆದೇಶದ ಪ್ರತಿಯೂ ನನಗೆ ಕೊಟ್ಟಿಲ್ಲ.

ಬೂತಿನಿಂದ ಹೊರಗೆ ಬಂದು ಬಸಲಿಂಗಪ್ಪನವರು ಚಹಾ ಕುಡಿಸಿದರು. ಬೋಗ್ರಾದಲ್ಲಿ ಇನ್ನೊಬ್ಬರು ಮಿಷಿನ್ನು ಕೇಳುತ್ತಿದ್ದಾರೆ ಎಂದು ರಫೀಕರು ಹೇಳಿದ್ದರಂತೆ. "ಇನ್ ಮ್ಯಾಲ ಹೊರದೇಶಕ್ಕೆ ಹೋಗೋ ಮಿಷಿನ್ನಿಗೆ ಕೀಲು ಹಾಕೇ ಕಳಸ್ತೀನ್ರಿ. ಅಕ್ಕಿ, ಮರಳು ಮೊದ್ಲೇ ತರಿಸ್ಕಂತೀನಿ. ಆದ್ರೆ ಕರಾರಿನಾಗೆ ಒಂದ್ ಮಾತು ಇಂಗ್ಲೀಷ್ನಾಗೆ ಬರ್ಕೊಡ್ರಿ" ಎಂದರು.

"ಏನಂತ?"

"ಮೊದಲ ಬಿಸಿ ದಿನ ನನಗೆ ಫೋನ್ ಹಚ್ಚಿ ಸಪ್ಪಳ ಕೇಳಿಸ್ಬೇಕು ಅಂತ."

ಮರುದಿನ ಅದನ್ನೇ ಒಂದು ಷರತ್ತಾಗಿ ಮೊದಲು ಕನ್ನಡದಲ್ಲಿ ಬರೆದು, ಕರಾರಿನ ಕರಡನ್ನು ನಂಜುಂಡಯ್ಯನವರ ಮುಂದಿಟ್ಟೆ. ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಇನ್ನು ಈ ಸಾಲು ಉಳಿಯುವುದಿಲ್ಲ ಎಂದುಕೊಂಡೆ.

"ಇದಕ್ಕೆ ಎಷ್ಟು ಚಾರ್ಜ್ ಮಾಡ್ತಾರಂತೆ?" ಎಂದರು.

"ಏನೂ ಇಲ್ಲ ಸಾರ್."

ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಆಮೇಲೆ ಒಂದಕ್ಷರವನ್ನೂ ಹೊಡೆಯದೆ ಕಾಗದವನ್ನು ನನ್ನ ಕಡೆ ತಳ್ಳಿ, "ಹಾಗಾದ್ರೆ 'ತಪ್ಪದೆ' ಅಂತ ಒಂದು ಪದ ಸೇರಿಸ್ಬಿಡಿ" ಎಂದರು.